ಆತುರವಿಲ್ಲದ ಸಫಾರಿ: ಕ್ರೂಗರ್‌ನಲ್ಲಿ ಮಕ್ಕಳೊಂದಿಗೆ ಒಂದು ದಿನ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಬಂದವರನ್ನು ಎಲ್ಲರೂ ಮೊದಲು ಕೇಳುವುದು ಸಿಂಹ ಸಿಕ್ಕಿತೇ ಎಂದು. ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ ಎಂಬ ಐದರ ಪಟ್ಟಿಯನ್ನು ಮಾಡಿದವರು ಹಿಂದಿನ ಕಾಲದ ಬೇಟೆಗಾರರು; ಕಾಲ್ನಡಿಗೆಯಲ್ಲಿ ಬೇಟೆಯಾಡಲು ಯಾವುವು ಅತಿ ಅಪಾಯಕಾರಿ ಎಂಬುದೊಂದೇ ಅವರ ಅಳತೆಗೋಲಾಗಿತ್ತು. ಬಂದೂಕು ಹೋಗಿ ಕ್ಯಾಮೆರಾ ಬಂದ ಮೇಲೂ ಆ ಪಟ್ಟಿ ಪ್ರವಾಸಿಗರ ತಲೆಯಿಂದ ಇಳಿದಿಲ್ಲ, ಪ್ರವಾಸ ಸಂಸ್ಥೆಗಳ ಜಾಹೀರಾತುಗಳು ಅದನ್ನು ಇಳಿಯಲು ಬಿಟ್ಟೂ ಇಲ್ಲ. ಈ ವಿಮರ್ಶೆಯಲ್ಲಿ ನಾನು ತೂಗಿ ನೋಡುತ್ತಿರುವುದು ಮಾರ್ಗದರ್ಶಕರ ಜೀಪನ್ನು ನೆಚ್ಚಿಕೊಳ್ಳದೆ, ಬಾಡಿಗೆಯ ಸಾಧಾರಣ ಕಾರಿನಲ್ಲಿ, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ನಾವೇ ಓಡಿಸುತ್ತ ನಾವೇ ನಿಲ್ಲಿಸುತ್ತ ಕಳೆಯುವ ಒಂದು ದಿನವನ್ನು. ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುವುದಾದರೆ, ಕುಟುಂಬಕ್ಕೆ ಈ ಉದ್ಯಾನ ಕೊಡುವ ಅತ್ಯುತ್ತಮ ಸೌಲಭ್ಯವೆಂದರೆ ಒಂದು ಪ್ರಾಣಿಯ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಂತಿರುವ ಸ್ವಾತಂತ್ರ್ಯ. ಆದರೆ ಆ ಸ್ವಾತಂತ್ರ್ಯ ದಕ್ಕುವುದು ಪಟ್ಟಿಯನ್ನು ಮನೆಯಲ್ಲಿಟ್ಟು ಬಂದವರಿಗೆ ಮಾತ್ರ.

ಸ್ವಂತ ವಾಹನದಲ್ಲಿ ಸುತ್ತುವ ವ್ಯವಸ್ಥೆ ಇಲ್ಲಿ ಹೊಸದೇನಲ್ಲ. 1898ರಲ್ಲಿ ಸಾಬಿ ಬೇಟೆ ಮೀಸಲು ಪ್ರದೇಶವಾಗಿ ಘೋಷಿತವಾದ ಈ ಭೂಮಿಯನ್ನು ಮೊದಲ ವಾರ್ಡನ್ ಜೇಮ್ಸ್ ಸ್ಟೀವನ್‌ಸನ್ ಹ್ಯಾಮಿಲ್ಟನ್ ದಶಕಗಳ ಕಾಲ ಕಾಯ್ದರು. 1926ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು, ಮರುವರ್ಷ ಪ್ರವಾಸಿಗರಿಗೆ ತೆರೆದುಕೊಂಡಾಗ ಇಡೀ ವರ್ಷದಲ್ಲಿ ಒಳಗೆ ಬಂದದ್ದು ಮೂರೇ ಕಾರುಗಳು. ಇಂದು ಉತ್ತರ ದಕ್ಷಿಣವಾಗಿ ಸುಮಾರು 360 ಕಿಲೋಮೀಟರ್ ಉದ್ದಕ್ಕೆ, ಸುಮಾರು 19,500 ಚದರ ಕಿಲೋಮೀಟರ್ ವಿಸ್ತೀರ್ಣಕ್ಕೆ ಹರಡಿಕೊಂಡಿರುವ ಈ ಕಾಡಿನಲ್ಲಿ ಡಾಂಬರು ರಸ್ತೆಗಳೂ ಮಣ್ಣಿನ ರಸ್ತೆಗಳೂ ಜಾಲದಂತೆ ಹೆಣೆದುಕೊಂಡಿವೆ. ಡಾಂಬರಿನ ಮೇಲೆ ಗಂಟೆಗೆ 50, ಮಣ್ಣಿನ ಮೇಲೆ 40 ಕಿಲೋಮೀಟರ್ ವೇಗಮಿತಿ ಇದೆ. ನಮ್ಮಲ್ಲಿಯಂತೆಯೇ ಎಡಬದಿಯ ಚಾಲನೆಯಾದ್ದರಿಂದ ಭಾರತೀಯ ಚಾಲಕರಿಗೆ ಹೊಂದಿಕೊಳ್ಳಲು ಕಷ್ಟವಾಗುವುದಿಲ್ಲ. ನಾಲ್ಕು ಚಕ್ರ ಚಾಲನೆಯ ವಾಹನ ಬೇಕೇ ಬೇಕೆಂದು ಬಾಡಿಗೆಯವರು ಒತ್ತಾಯಿಸಿದರೆ ಕಿವಿಗೊಡಬೇಕಾಗಿಲ್ಲ. ಒಣ ಋತುವಿನಲ್ಲಿ ಮುಖ್ಯ ರಸ್ತೆಗಳಿಗೆ ಸಾಮಾನ್ಯ ಕಾರು ಸಾಕು. ಆದರೆ ಕುಳಿತುಕೊಳ್ಳುವ ಎತ್ತರ ಮಾತ್ರ ಮುಖ್ಯ. ರಸ್ತೆಬದಿಯ ಹುಲ್ಲಿಗಿಂತ ತಗ್ಗಿನಲ್ಲಿ ಕೂತ ಮಗುವಿಗೆ ದೊಡ್ಡವರು ತೋರಿಸುವ ಪ್ರಾಣಿಗಳಲ್ಲಿ ಅರ್ಧದಷ್ಟು ಕಾಣಿಸುವುದೇ ಇಲ್ಲ, ಆಮೇಲೆ ಕಾಡಿನ ಮೇಲೆ ಅದಕ್ಕೆ ಆಸಕ್ತಿ ಉಳಿಯುವುದೂ ಇಲ್ಲ.

ನಾವು ಆರಿಸಿಕೊಂಡದ್ದು ಉದ್ಯಾನದ ದಕ್ಷಿಣ ಭಾಗವನ್ನು, ಅದರಲ್ಲೂ ಸಾಬಿ ನದಿಯ ದಂಡೆಯ ಮೇಲಿರುವ ಲೋವರ್ ಸಾಬಿ ಶಿಬಿರವನ್ನು. ಓಲಿಫಾಂಟ್ಸ್ ನದಿಯನ್ನು ದಾಟಿ ಉತ್ತರಕ್ಕೆ ಹೋದಂತೆ ಮೊಪಾನೆ ಮರಗಳು ಮುಗಿಯದಷ್ಟು ಉದ್ದಕ್ಕೆ ಹಬ್ಬಿಕೊಳ್ಳುತ್ತವೆ. ಅಲ್ಲಿನ ನಿರ್ಜನತೆಯನ್ನು ಇಷ್ಟಪಡುವವರಿದ್ದಾರೆ, ನನಗೂ ಅದು ಪ್ರಿಯವೇ, ಆದರೆ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಕಾಯಬೇಕಾದ ಅಂತರ ಮಕ್ಕಳ ಸಹನೆಯನ್ನು ಮೀರುತ್ತದೆ. ದಕ್ಷಿಣದಲ್ಲಿ ಮಳೆ ಹೆಚ್ಚು, ವರ್ಷವಿಡೀ ಹರಿಯುವ ನದಿಗಳಿವೆ, ಆದ್ದರಿಂದ ಪ್ರಾಣಿಗಳೂ ದಟ್ಟವಾಗಿವೆ. ಅದೇ ಕಾರಣಕ್ಕೆ ಕಾರುಗಳೂ ದಟ್ಟವಾಗಿವೆ ಎಂಬುದನ್ನು ಮುಂದೆ ಹೇಳುತ್ತೇನೆ. ಉದ್ಯಾನದ ಹೊರಗಿನ ಊರುಗಳಲ್ಲಿ ಇನ್ನೂ ಸುಖವಾದ ವಸತಿಗಳು ಸಿಗುತ್ತವೆಯಾದರೂ ಮಕ್ಕಳಿರುವವರು ಒಳಗಿನ ಶಿಬಿರದಲ್ಲೇ ತಂಗಬೇಕೆಂದು ನಾನು ಹೇಳುವುದಕ್ಕೆ ಕಾರಣ ಸರಳವಾಗಿದೆ: ಹೊರಗೆ ತಂಗಿದವರು ದಿನವಿಡೀ ಕಾರಿನಲ್ಲೇ ಇರಬೇಕಾಗುತ್ತದೆ, ಒಳಗಿರುವವರು ಮಧ್ಯಾಹ್ನ ಮರಳಿ ಹಾಸಿಗೆಗೆ ಬೆನ್ನು ಕೊಡಬಹುದು. ಇಡೀ ದಿನದ ಸಮಾಧಾನ ನಿಂತಿರುವುದು ಆ ಮಧ್ಯಾಹ್ನದ ಮೇಲೆ.

ಜೂನ್ ಮತ್ತು ಜುಲೈಯಲ್ಲಿ ಶಿಬಿರದ ಬಾಗಿಲು ಬೆಳಿಗ್ಗೆ 6ಕ್ಕೆ ತೆರೆದು ಸಂಜೆ 5.30ಕ್ಕೆ ಮುಚ್ಚುತ್ತದೆ. ಬಾಗಿಲು ತೆರೆಯುವ ಮೊದಲೇ ಎಂಜಿನ್ ಚಾಲೂ ಮಾಡಿಕೊಂಡು ಸಾಲಿನಲ್ಲಿ ನಿಲ್ಲಬೇಕೆಂಬುದು ಎಲ್ಲ ಅನುಭವಿಗಳ ಉಪದೇಶ. ರಾತ್ರಿಯಿಡೀ ತಿರುಗಾಡಿದ ಬೇಟೆಪ್ರಾಣಿಗಳು ಆ ಹೊತ್ತಿಗೆ ಇನ್ನೂ ರಸ್ತೆಯ ಮೇಲಿರುತ್ತವೆ ಎಂಬ ಮಟ್ಟಿಗೆ ಅದು ಸರಿಯಾದ ಉಪದೇಶವೇ. ಆದರೆ ಚಳಿಗಾಲದ ಆ ಮುಂಜಾವಿನಲ್ಲಿ ಮೈ ನಡುಗುತ್ತದೆ. ನಿದ್ದೆಗಣ್ಣಿನ ಮಕ್ಕಳನ್ನು ಎಬ್ಬಿಸಿ, ಹೊಟ್ಟೆಗೇನೂ ಇಲ್ಲದೆ ಕಾರಿಗೆ ತುಂಬಿಕೊಂಡು ಹೊರಟರೆ ಎಂಟು ಗಂಟೆಯ ಹೊತ್ತಿಗೆ ಕಾರಿನೊಳಗೇ ಒಂದು ಕಾಡು ಹುಟ್ಟಿಕೊಂಡಿರುತ್ತದೆ. ಬಿಸಿಯಾಗಿ ಏನನ್ನಾದರೂ ಕುಡಿಸಿ, ಹೊತ್ತು ಮೂಡಿದ ಮೇಲೆ ಹೊರಡುವುದೇ ಒಳ್ಳೆಯದು. ಇದರಿಂದ ಕೈತಪ್ಪಬಹುದಾದದ್ದು ಒಂದು ಚಿರತೆ. ಅದು ಹೊತ್ತಿಗೆ ಮುಂಚೆ ಹೋದವರ ಕಣ್ಣಿಗೂ ಬಿದ್ದೇ ಬೀಳುತ್ತದೆಂಬ ಭರವಸೆಯೇನೂ ಇಲ್ಲ.

ಶಿಬಿರದಿಂದ ಹೊರಬಿದ್ದ ಮೊದಲ ಹತ್ತು ನಿಮಿಷಗಳಲ್ಲಿ ಎದುರಾಗುವುದು ಇಂಪಾಲ. ಲಕ್ಷಕ್ಕೂ ಮೀರಿದ ಸಂಖ್ಯೆಯಲ್ಲಿರುವ ಈ ಜಿಂಕೆಯಂಥ ಪ್ರಾಣಿಯನ್ನು ಎರಡನೆಯ ದಿನದಿಂದ ಯಾರೂ ತಿರುಗಿ ನೋಡುವುದಿಲ್ಲ, ಕಾರುಗಳು ನಿಧಾನವನ್ನೂ ಮಾಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಮಕ್ಕಳ ಕಾಡಿನ ಪಾಠ ಇಲ್ಲಿಂದಲೇ ಶುರುವಾಗಬೇಕು, ಏಕೆಂದರೆ ಇಂಪಾಲದ ಹಿಂಡಿನಲ್ಲಿ ಸದಾ ಏನಾದರೂ ನಡೆಯುತ್ತಿರುತ್ತದೆ. ಕೊಂಬಿರುವುದು ಗಂಡಿಗೆ ಮಾತ್ರ. ಹಿಂಬದಿಯಿಂದ ನೋಡಿದರೆ ಬಾಲದ ಮೇಲಿನ ಗೆರೆ ಮತ್ತು ಎರಡು ತೊಡೆಗಳ ಮೇಲಿನ ಗೆರೆಗಳು ಸೇರಿ ಮೂರು ಕಪ್ಪು ಪಟ್ಟೆಗಳು ಕಾಣುತ್ತವೆ. ಹಿಂಗಾಲಿನ ಗೊರಸಿನ ಮೇಲೆ ಇನ್ನೊಂದು ಕಪ್ಪು ಕೂದಲಿನ ಗೊಂಚಲು, ಅದರಡಿ ವಾಸನೆಯ ಗ್ರಂಥಿ. ಕೆಂಪು ಇಲ್ಲವೇ ಹಳದಿ ಕೊಕ್ಕಿನ ಆಕ್ಸ್‌ಪೆಕರ್ ಹಕ್ಕಿಗಳು ಅವುಗಳ ಕಿವಿಯೊಳಕ್ಕೆ ತಲೆ ತೂರಿಸಿ ಉಣ್ಣಿಗಳನ್ನು ಹೆಕ್ಕುವಾಗ ಇಂಪಾಲ ಕಣ್ಣು ಅರೆಮುಚ್ಚಿ ನಿಲ್ಲುವುದನ್ನು ಮಕ್ಕಳು ಎಷ್ಟು ಹೊತ್ತಾದರೂ ನೋಡುತ್ತಾರೆ. ಹಿಂಡು ಒಮ್ಮೆಲೇ ಮೇಯುವುದನ್ನು ನಿಲ್ಲಿಸಿ ಒಂದೇ ದಿಕ್ಕಿಗೆ ಮುಖ ಮಾಡಿತೆಂದರೆ, ಮೂಗಿನಿಂದ ಸೀನಿದಂತಹ ಎಚ್ಚರಿಕೆಯ ಸದ್ದು ಹೊರಟಿತೆಂದರೆ, ಆ ದಿಕ್ಕಿನಲ್ಲಿ ಏನೋ ಇದೆ. ಚಿರತೆಯನ್ನು ಹುಡುಕುತ್ತ ಇಂಪಾಲವನ್ನು ಹಿಂದಿಕ್ಕಿ ಧಾವಿಸುವ ಕಾರುಗಳನ್ನು ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಲೋವರ್ ಸಾಬಿಯಿಂದ ಸ್ಕುಕುಜಾ ಶಿಬಿರಕ್ಕೆ ನದಿಯ ಗುಂಟ ಹೋಗುವ ಎಚ್4-1 ರಸ್ತೆ ಸುಮಾರು 45 ಕಿಲೋಮೀಟರ್ ಇದ್ದು, ಇಡೀ ಉದ್ಯಾನದಲ್ಲೇ ಅತಿ ಹೆಚ್ಚು ಜನ ಓಡಾಡುವ ರಸ್ತೆಗಳಲ್ಲಿ ಅದೂ ಒಂದು. ಅತ್ತಿ ಜಾತಿಯ ಬೃಹತ್ ಸಿಕಮೋರ್ ಮರಗಳು, ಜಾಕಲ್‌ಬೆರಿ ಮರಗಳು, ಉದ್ದನೆಯ ಕಾಯಿಗಳನ್ನು ಜೋತುಬಿಟ್ಟ ಸಾಸೇಜ್ ಮರಗಳು ದಂಡೆಯುದ್ದಕ್ಕೂ ನಿಂತಿರುವ ಈ ದಾರಿಯ ಚೆಲುವಿನ ಬಗ್ಗೆ ಎರಡು ಮಾತಿಲ್ಲ. ದೋಷವಿರುವುದು ನಮ್ಮಂಥ ಪ್ರವಾಸಿಗರಲ್ಲಿ. ಎಲ್ಲಾದರೊಂದು ಕಡೆ ಸಿಂಹ ಮಲಗಿದೆಯೆಂದು ಸುದ್ದಿಯಾದರೆ ಅರ್ಧ ಗಂಟೆಯೊಳಗೆ ರಸ್ತೆಯ ಎರಡೂ ಬದಿಯಲ್ಲಿ, ಕೆಲವೊಮ್ಮೆ ಮಧ್ಯದಲ್ಲೂ, ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಹೊರಗಿನಿಂದ ಬರುವ ಎತ್ತರದ ತೆರೆದ ವಾಹನಗಳು ನಡುವೆ ನುಗ್ಗಿ, ಚಿಕ್ಕ ಕಾರಿನಲ್ಲಿರುವವರ ನೋಟಕ್ಕೆ ಗೋಡೆ ಕಟ್ಟುತ್ತವೆ. ಇಷ್ಟೆಲ್ಲ ಪಾಡುಪಟ್ಟು ನೋಡುವುದಾದರೂ ಏನನ್ನು? ಸಿಂಹ ದಿನಕ್ಕೆ ಇಪ್ಪತ್ತು ಗಂಟೆಗಳವರೆಗೂ ಮಲಗಿರಬಲ್ಲ ಪ್ರಾಣಿ. ಪೊದೆಯ ನೆರಳಿನಲ್ಲಿ ಒಂದು ಕಿವಿ, ಆಗೊಮ್ಮೆ ಈಗೊಮ್ಮೆ ಏಳುವ ಬಾಲದ ತುದಿ. ಇಂಥ ಜಾತ್ರೆಯನ್ನು ಕಂಡಾಗ ಐದು ನಿಮಿಷ ಪ್ರಯತ್ನಿಸಿ, ನಂತರ ಪಕ್ಕದ ಮಣ್ಣಿನ ರಸ್ತೆಗೆ ತಿರುಗಿಕೊಳ್ಳುವುದನ್ನು ನಾನು ಸಲಹೆ ಮಾಡುತ್ತೇನೆ.

ಈ ಗುಂಪುಗೂಡುವಿಕೆಗೆ ಮೊಬೈಲ್ ಸಂದೇಶಗಳು ತುಪ್ಪ ಸುರಿದಿವೆ. ಅದಕ್ಕೂ ಮೊದಲಿನಿಂದ ಇದ್ದದ್ದು ಶಿಬಿರಗಳ ಬಳಿಯ ಹಲಗೆ, ಅದರ ಮೇಲೊಂದು ನಕ್ಷೆ. ಪ್ರಾಣಿಯನ್ನು ಕಂಡವರು ಆಯಾ ಬಣ್ಣದ ಗುಂಡಿಯನ್ನು ಕಂಡ ಜಾಗದಲ್ಲಿ ಅಂಟಿಸುತ್ತಾರೆ. ಆ ಹಲಗೆ ಮಾತ್ರ ನನಗೆ ಬಹಳ ಹಿಡಿಸಿತು. ಮಕ್ಕಳು ಸಂಜೆ ಬಂದು ತಮ್ಮ ಗುಂಡಿಯನ್ನು ತಾವೇ ಅಂಟಿಸುವ ಸಂಭ್ರಮದಲ್ಲಿ ನಕ್ಷೆ ಓದುವುದನ್ನೇ ಕಲಿತುಬಿಡುತ್ತಾರೆ. ಅದರಲ್ಲಿ ಘೇಂಡಾಮೃಗ ಕಂಡ ಜಾಗವನ್ನು ಗುರುತಿಸುವುದಿಲ್ಲ. ಕೊಂಬಿಗಾಗಿ ನಡೆಯುವ ಕಳ್ಳಬೇಟೆಯ ಕಾರಣದಿಂದ ಅದನ್ನು ಬಹಿರಂಗಪಡಿಸಬಾರದು. ಇದೇ ಕಾರಣಕ್ಕೆ ಉದ್ಯಾನದಲ್ಲಿ ಅನೇಕ ಘೇಂಡಾಮೃಗಗಳ ಕೊಂಬನ್ನು ಸಿಬ್ಬಂದಿಯೇ ಕತ್ತರಿಸಿರುವುದರಿಂದ, ಚಿತ್ರಪುಸ್ತಕ ನೋಡಿ ಬಂದ ಮಕ್ಕಳು ಬೋಳುಮೂತಿಯ ಪ್ರಾಣಿಯನ್ನು ಕಂಡು ಪ್ರಶ್ನೆ ಕೇಳುವುದು ಖಂಡಿತ. ಉತ್ತರವನ್ನು ಮುಂಚಿತವಾಗಿ ಯೋಚಿಸಿಟ್ಟುಕೊಳ್ಳುವುದು ಲೇಸು.

ಬೆಳಗಿನ ಹೊತ್ತಿನಲ್ಲಿ ನಮಗೆ ಅತ್ಯಂತ ಹತ್ತಿರದಿಂದ ಕಂಡದ್ದು ಐದರ ಪಟ್ಟಿಯಲ್ಲಿ ಇಲ್ಲದ ಕತ್ತೆಕಿರುಬದ ಸಂಸಾರ. ಕ್ರೂಗರ್‌ನ ಚುಕ್ಕೆ ಕತ್ತೆಕಿರುಬಗಳು ಡಾಂಬರು ರಸ್ತೆಯ ಕೆಳಗೆ ಮಳೆನೀರು ಹಾಯಲು ಇಟ್ಟಿರುವ ಮೋರಿಯ ಕೊಳವೆಗಳನ್ನೇ ಮನೆ ಮಾಡಿಕೊಳ್ಳುವುದು ಸಾಮಾನ್ಯ. ರಸ್ತೆ ಕಟ್ಟಿದ ಎಂಜಿನಿಯರುಗಳು ಇದನ್ನು ಊಹಿಸಿರಲಾರರು. ಆದರೆ ನೆಲ ಅಗೆಯುವ ಶ್ರಮವಿಲ್ಲದೆ ಸಿಗುವ ಈ ತಂಪಾದ ಬಿಲವನ್ನು ಯಾವ ತಾಯಿ ತಾನೆ ಬಿಟ್ಟಾಳು! ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಸುಮ್ಮನೆ ಕುಳಿತರೆ ಮೊದಲು ಒಂದು ಕಪ್ಪು ಮೂತಿ, ಹಿಂದೆಯೇ ಇನ್ನೊಂದು ಹೊರಗೆ ಬರುತ್ತದೆ. ಹುಟ್ಟಿದಾಗಲೇ ಕಣ್ಣು ತೆರೆದಿರುವ, ಮೈಯೆಲ್ಲ ಕಡುಕಂದು ಬಣ್ಣದ ಈ ಮರಿಗಳಿಗೆ ಚುಕ್ಕೆಗಳು ಮೂಡುವುದು ಬೆಳೆದ ಮೇಲೆ. ಅವು ಕಾರಿನ ಚಕ್ರವನ್ನು ಮೂಸಿ ನೋಡುವಷ್ಟು ಕುತೂಹಲಿಗಳು. ಗುಂಪಿನ ಯಜಮಾನಿಕೆ ಹೆಣ್ಣಿನದು, ತಾಯಿ ವರ್ಷಕ್ಕೂ ಮೀರಿ ಹಾಲೂಡಿಸುತ್ತದೆ ಎಂಬುದನ್ನು ತಿಳಿಸಿದ ಮೇಲೆ, ಕಥೆಗಳಲ್ಲಿ ಹೇಡಿಯೂ ಕಪಟಿಯೂ ಆಗಿ ಬರುವ ಪ್ರಾಣಿಯ ಬಗ್ಗೆ ನಮ್ಮ ಮಕ್ಕಳ ಅಭಿಪ್ರಾಯ ಸಂಪೂರ್ಣ ಬದಲಾಯಿತು. ಮಾರ್ಗದರ್ಶಕರ ವಾಹನವಾಗಿದ್ದರೆ ಇಲ್ಲಿ ಹತ್ತು ನಿಮಿಷ ನಿಂತು ಮುಂದೆ ಸಾಗುತ್ತಿತ್ತು, ಏಕೆಂದರೆ ಉಳಿದ ಸೀಟುಗಳಲ್ಲಿ ಕುಳಿತವರು ಸಿಂಹಕ್ಕಾಗಿ ಹಣ ಕೊಟ್ಟಿರುತ್ತಾರೆ.

ಅರ್ಧದಾರಿಯಲ್ಲಿ, ನದಿಯ ದಡದ ಮರಗಳ ಕೆಳಗೆ ಎನ್‌ಕುಹ್ಲು ಎಂಬ ವಿರಾಮತಾಣವಿದೆ. ಕಾರಿನಿಂದ ಇಳಿಯಲು ಅನುಮತಿ ಇರುವುದು ಶಿಬಿರಗಳಲ್ಲಿ, ಇಂಥ ತಾಣಗಳಲ್ಲಿ, ಪಕ್ಷಿವೀಕ್ಷಣೆಯ ಗೂಡುಗಳಲ್ಲಿ ಮತ್ತು ಫಲಕ ಹಾಕಿ ಗುರುತಿಸಿದ ಕೆಲವು ಜಾಗಗಳಲ್ಲಿ ಮಾತ್ರ. ಉಳಿದೆಡೆ ಕಿಟಕಿಯಿಂದ ಕೈ ತಲೆ ಹೊರಚಾಚುವುದೂ ನಿಯಮಕ್ಕೆ ವಿರುದ್ಧ, ದಂಡಕ್ಕೆ ಅರ್ಹ. ಶೌಚಾಲಯ, ಅಂಗಡಿ, ಮೇಜು ಬೆಂಚುಗಳೆಲ್ಲ ಇಲ್ಲಿ ಇವೆ. ತಾಣಕ್ಕೆ ಬೇಲಿಯಿಲ್ಲ, ಮತ್ತು ವರ್ವೆಟ್ ಕೋತಿಗಳಿಗೂ ಬಬೂನ್‌ಗಳಿಗೂ ಮನುಷ್ಯರ ಊಟದ ಹೊತ್ತು ಚೆನ್ನಾಗಿ ತಿಳಿದಿದೆ. ಮಗುವಿನ ಕೈಯಿಂದ ಹಣ್ಣು ಕಸಿದುಕೊಳ್ಳುವ ಕೋತಿಯನ್ನು ಕಂಡು ನಗುವ ದೊಡ್ಡವರು, ಉಣಿಸಿ ರೂಢಿ ಮಾಡಿಸಿದ ಬಬೂನ್ ಆಕ್ರಮಣಕಾರಿಯಾಗಿ ಕೊನೆಗೆ ಗುಂಡೇಟಿಗೆ ಬಲಿಯಾಗಬೇಕಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ತಿಂಡಿಯನ್ನು ಕಾರಿನೊಳಗೇ ಮುಗಿಸಿ, ಇಲ್ಲಿ ಕೈಕಾಲು ಚಾಚಲು ಮಾತ್ರ ಇಳಿಯುವುದು ನನಗೆ ಸರಿಕಂಡ ಕ್ರಮ. ಸ್ಕುಕುಜಾವರೆಗೂ ಹೋಗುವ ಉದ್ದೇಶವನ್ನು ನಾವು ಇಲ್ಲಿಯೇ ಕೈಬಿಟ್ಟು ಹಿಂದಿರುಗಿದೆವು. ಬಂದ ದಾರಿಯಲ್ಲೇ ಮರಳುವುದರಿಂದ ನಷ್ಟವೇನೂ ಇಲ್ಲ. ಎರಡು ಗಂಟೆಯ ಅಂತರದಲ್ಲಿ ಅದೇ ದಾರಿಯ ಪ್ರಾಣಿಗಳೆಲ್ಲ ಬದಲಾಗಿರುತ್ತವೆ.

ಮರಳುವಾಗ ನದಿಗೆ ನೀರು ಕುಡಿಯಲು ಹೊರಟ ಆನೆಗಳ ಹಿಂಡು ರಸ್ತೆ ದಾಟಿತು. ಸ್ವಂತ ಚಾಲನೆಯ ಸಫಾರಿಯಲ್ಲಿ ನಿಜವಾದ ಎಚ್ಚರ ಬೇಕಾಗಿರುವುದು ಸಿಂಹಕ್ಕಿಂತ ಹೆಚ್ಚಾಗಿ ಆನೆಯ ವಿಷಯದಲ್ಲಿ, ಏಕೆಂದರೆ ಕಾರನ್ನು ಸಿಂಹ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆನೆ ತೆಗೆದುಕೊಳ್ಳುತ್ತದೆ. ದೂರ ಇರುವಾಗಲೇ ನಿಲ್ಲಬೇಕು, ಹಿಂದಕ್ಕೆ ಸರಿಯಲು ಜಾಗ ಇಟ್ಟುಕೊಳ್ಳಬೇಕು, ತಾಯಿಗೂ ಮರಿಗೂ ನಡುವೆ ಎಂದಿಗೂ ಕಾರನ್ನು ತೂರಿಸಬಾರದು, ಹಾರ್ನ್ ಹೊಡೆಯಲೇಬಾರದು. ಕಪೋಲದಿಂದ ಮದಜಲ ಹರಿಯುತ್ತ, ಹಿಂಗಾಲುಗಳು ಮೂತ್ರದಿಂದ ತೊಯ್ದಿರುವ ಒಂಟಿ ಸಲಗ ಎದುರಿಗೆ ನಡೆದು ಬರುತ್ತಿದ್ದರೆ ನೋಡುತ್ತ ಕೂರದೆ ಹಿಂದೆ ಸರಿದು ದಾರಿ ಬಿಡುವುದೊಂದೇ ಮಾರ್ಗ. ಇಷ್ಟನ್ನು ಪಾಲಿಸಿದರೆ ಮಿಕ್ಕದ್ದೆಲ್ಲ ಆನಂದವೇ. ತಾಯಿಯ ಹೊಟ್ಟೆಯ ಕೆಳಗೆ ನುಸುಳಬಲ್ಲ ಮರಿಗೆ ವರ್ಷ ತುಂಬಿಲ್ಲವೆಂದು ಸ್ಥೂಲವಾಗಿ ಅಂದಾಜು ಮಾಡಬಹುದೆಂದು ಹೇಳಿಕೊಟ್ಟ ಮೇಲೆ ನಮ್ಮ ಕಾರಿನಲ್ಲಿ ಪ್ರತಿಯೊಂದು ಮರಿಯ ವಯಸ್ಸೂ ತೀರ್ಮಾನವಾಯಿತು. ತೀರ ಎಳೆಯ ಮರಿಗಳಿಗೆ ಸೊಂಡಿಲನ್ನು ಏನು ಮಾಡಬೇಕೆಂದು ತಿಳಿಯದು. ಅದನ್ನು ಬಳಸಿ ನೀರು ಕುಡಿಯುವುದನ್ನು ಕಲಿಯಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ನೀರಿಗೆ ಬಾಯನ್ನೇ ಹಚ್ಚುತ್ತವೆ. ನಮ್ಮ ಮುಂದೆ ದಾಟಿದ ಮರಿಯೊಂದು ತನ್ನ ಸೊಂಡಿಲನ್ನು ತಾನೇ ಮೆಟ್ಟಿಕೊಂಡು ಮುಗ್ಗರಿಸಿದ್ದನ್ನು ನಮ್ಮ ಕಿರಿಯ ಮಗಳು ಆ ರಾತ್ರಿ ಮಲಗುವವರೆಗೂ ಅಭಿನಯಿಸಿ ತೋರಿಸಿದಳು.

ಮಧ್ಯಾಹ್ನದ ಶಿಬಿರದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ವಸತಿಗಳು ಸರಳ, ಐಷಾರಾಮವನ್ನು ಬಯಸುವವರಿಗೆ ನಿರಾಸೆಯಾಗುವಷ್ಟೇ ಸರಳ. ಅಡುಗೆ ಮಾಡಿಕೊಳ್ಳಲು ಅನುಕೂಲವಿರುವ ಕೋಣೆಗಳು ಬೇರೆ, ಇಲ್ಲದವು ಬೇರೆ ಎಂಬುದನ್ನು ಕಾಯ್ದಿರಿಸುವಾಗ ಗಮನಿಸಬೇಕು. ಈಜುಕೊಳವಿದೆ, ಅಂಗಡಿಯಿದೆ, ಪೆಟ್ರೋಲ್ ಸಿಗುತ್ತದೆ. ಶಿಬಿರದ ಉಪಾಹಾರಗೃಹದ ಮರದ ಜಗುಲಿ ನದಿಯ ಮೇಲೆಯೇ ಇದ್ದಂತಿದ್ದು, ಅಲ್ಲಿ ಕುಳಿತರೆ ಮರಳದಿಬ್ಬಗಳ ಮೇಲಿನ ಮೊಸಳೆಗಳೂ ನೀರಿಗೆ ಬರುವ ಆನೆ, ಕಾಡೆಮ್ಮೆಗಳೂ ಕಾಣುತ್ತವೆ. ತಟ್ಟೆಯಲ್ಲಿರುವುದು ಸಾಧಾರಣವಾಗಿದ್ದರೂ ಯಾರಿಗೂ ಅದರ ಪರಿವೆ ಇರುವುದಿಲ್ಲ. ನನ್ನ ಒಂದೇ ಸಲಹೆ, ದುರ್ಬೀನುಗಳನ್ನು ಪ್ರತಿ ಮಗುವಿಗೂ ಬೇರೆ ಬೇರೆ ಕೊಡಿಸಿ. ಒಂದೇ ದುರ್ಬೀನು ಇರುವ ಕುಟುಂಬದಲ್ಲಿ ವನ್ಯಜೀವಿಗಳಿಗಿಂತ ಸರದಿಯ ಜಗಳವೇ ಹೆಚ್ಚು.

ದಿನದ ಅತ್ಯುತ್ತಮ ಭಾಗ ಸಂಜೆಗೆ ಉಳಿದಿತ್ತು. ಲೋವರ್ ಸಾಬಿಯ ಬಾಗಿಲಿನಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ, ರಸ್ತೆಗೆ ಅಂಟಿಕೊಂಡಂತೆ, ಸನ್‌ಸೆಟ್ ಡ್ಯಾಮ್ ಎಂಬ ಕೆರೆಯಿದೆ. ಕಾರನ್ನು ನೀರಿನ ಅಂಚಿಗೇ ತಂದು ನಿಲ್ಲಿಸಬಹುದು, ಇಳಿಯುವಂತಿಲ್ಲ. ಬಾಗಿಲು ಮುಚ್ಚುವ ಸಮಯಕ್ಕೆ ದೂರದಿಂದ ಧಾವಿಸಿ ಬರುವವರ ನಡುವೆ, ಇಲ್ಲಿ ಕುಳಿತವರಿಗೆ ಕೊನೆಯ ಕಾಲು ಗಂಟೆಯವರೆಗೂ ನಿಶ್ಚಿಂತೆ. ಬೇರೆಲ್ಲೂ ಹೋಗದೆ ಮೂರೂವರೆಯಿಂದ ಇಲ್ಲೇ ಉಳಿಯೋಣ ಎಂದು ಹೇಳಿದಾಗ ಮಕ್ಕಳಿಗೆ ಬೇಸರವಾದೀತೆಂಬ ಅಳುಕಿತ್ತು, ಆದರೆ ಕಾಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಎಲ್ಲವೂ ಆಗಲೇ ನಡೆಯುತ್ತಿತ್ತು.

ಮೊದಲ ನೋಟಕ್ಕೆ ಕಪ್ಪು ಬಂಡೆಗಳಂತೆ ಕಂಡದ್ದು ನೀರಾನೆಗಳು. ಅವುಗಳ ಕಣ್ಣು, ಕಿವಿ, ಮೂಗಿನ ಹೊಳ್ಳೆಗಳು ತಲೆಯ ಮೇಲ್ಭಾಗದಲ್ಲಿ ಒಂದೇ ಸಾಲಿನಲ್ಲಿರುವುದರಿಂದ, ಇಡೀ ದೇಹವನ್ನು ನೀರಿನಲ್ಲಿ ಮುಳುಗಿಸಿಟ್ಟುಕೊಂಡೇ ಅವು ನೋಡಬಲ್ಲವು, ಕೇಳಬಲ್ಲವು, ಉಸಿರಾಡಬಲ್ಲವು. ನಿಜವಾದ ಅರ್ಥದಲ್ಲಿ ಈಜಲು ಬಾರದ ಈ ಪ್ರಾಣಿ ಕೆರೆಯ ತಳವನ್ನು ಮೆಟ್ಟುತ್ತ ನಡೆಯುತ್ತದೆ. ಸುಮಾರು ಐದು ನಿಮಿಷಕ್ಕೊಮ್ಮೆ ಮೇಲೆದ್ದು ಉಸಿರು ಬಿಟ್ಟು, ಕಿವಿಗಳನ್ನು ಗಿರಗಿರನೆ ಒದರಿ ಮತ್ತೆ ಮುಳುಗುತ್ತದೆ. ಮುಳುಗಿದ್ದು ಎಲ್ಲಿ ಏಳುತ್ತದೆ ಎಂದು ಪಂದ್ಯ ಕಟ್ಟುವ ಆಟ ಮಕ್ಕಳದೇ ಸೃಷ್ಟಿ. ಅದರ ಆಕಳಿಕೆ ನಿದ್ದೆಯ ಗುರುತಾಗಿರದೆ ಎದುರಾಳಿಗೆ ಕೋರೆಹಲ್ಲು ತೋರಿಸುವ ಬೆದರಿಕೆಯಾಗಿರುತ್ತದೆ. ನೀರಿನ ಮೇಲೆ ಉಬ್ಬಿದ ಒಂದು ಬೆನ್ನ ಮೇಲೆ ಆಮೆಗಳು ಸಾಲಾಗಿ ಹತ್ತಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು, ಇನ್ನೊಂದರ ಮೇಲೆ ಬೂದು ಬಕವೊಂದು ಆ ಬೆನ್ನನ್ನೇ ದೋಣಿ ಮಾಡಿಕೊಂಡು ಮೀನಿಗಾಗಿ ಹೊಂಚುತ್ತಿತ್ತು. ನೀರಾನೆ ಮುಳುಗಿದಾಗ ಆಮೆಗಳು ಒಂದೊಂದಾಗಿ ಜಾರಿ ಬೀಳುತ್ತಿದ್ದವು. ಎದ್ದ ಕೂಡಲೇ ಮತ್ತೆ ಹತ್ತಲು ಹೆಣಗುತ್ತಿದ್ದವು. ಇಡೀ ಪ್ರವಾಸದಲ್ಲಿ ನಮ್ಮ ಕಾರಿನಲ್ಲಿ ಅತಿ ಹೆಚ್ಚು ನಗು ಕೇಳಿಬಂದದ್ದು ಆಗಲೇ.

ದಡದಲ್ಲಿ ಮೊಸಳೆಗಳು ಬಾಯಿ ತೆರೆದುಕೊಂಡು ಮಲಗಿದ್ದವು. ಬೆವರುವ ಸೌಕರ್ಯವಿಲ್ಲದ ಅವು ಮೈಯ ಬಿಸಿಯನ್ನು ಹೊರಹಾಕುವುದು ಹಾಗೆ. ಅವುಗಳಿಂದ ಕೆಲವೇ ಅಡಿಗಳ ದೂರದಲ್ಲಿ ಹಳದಿ ಕೊಕ್ಕಿನ ಕೊಕ್ಕರೆಗಳು ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ, ಒಂದು ಕಾಲಿನಿಂದ ಕೆಸರನ್ನು ಕಲಕುತ್ತ ನಡೆದಿದ್ದವು. ಅವು ಮೀನನ್ನು ಕಣ್ಣಿಂದ ಹುಡುಕುವುದಿಲ್ಲ. ಕೊಕ್ಕಿಗೆ ಏನಾದರೂ ತಗುಲಿದ ಕ್ಷಣವೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಅವುಗಳ ಮೇಲೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಿದ್ದ ಕಪ್ಪುಬಿಳಿ ಮಿಂಚುಳ್ಳಿ ನೆಟ್ಟಗೆ ಧುಮುಕಿ, ಚಿಕ್ಕ ಮೀನಾದರೆ ಕೊಂಬೆಗೆ ಮರಳದೆ ಹಾರುತ್ತಲೇ ನುಂಗುವುದನ್ನೂ ಕಂಡೆವು. ಈ ಹಕ್ಕಿ ನಮ್ಮ ಕೆರೆಗಳಲ್ಲೂ ಇದೆ, ಆದರೆ ಅದನ್ನು ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಅದಕ್ಕೆ ಕಾರಣ ಕೆರೆಗಿಂತ ನನ್ನ ಕುಳಿತುಕೊಳ್ಳುವ ವ್ಯವಧಾನವೇ ಇರಬೇಕು.

ನಾಲ್ಕೂವರೆಯ ಹೊತ್ತಿಗೆ ಜಿರಾಫೆಯೊಂದು ನೀರಿಗೆ ಬಂತು. ಸುಮಾರು ಐದು ಮೀಟರ್ ಎತ್ತರದ ಈ ಪ್ರಾಣಿಗೆ ನೀರು ಕುಡಿಯುವುದೆಂದರೆ ದೊಡ್ಡ ಸಂಕಟ. ತಲೆ ಬಗ್ಗಿಸಿದರೆ ಸುತ್ತ ಕಾಣದು, ಕಾಲು ಅಗಲಿಸಿದರೆ ತಕ್ಷಣ ಓಡಲಾಗದು. ಆದ್ದರಿಂದ ಅದು ಬಂದು ನಿಂತಿತು, ನೋಡಿತು, ಒಂದು ಕಾಲನ್ನು ಅಗಲಿಸಿತು, ಮನಸ್ಸು ಬದಲಿಸಿ ಮತ್ತೆ ನೆಟ್ಟಗಾಯಿತು. ಹೀಗೆ ಹಲವು ಬಾರಿ ನಡೆದು ಕೊನೆಗೆ ಕುಡಿದದ್ದು ಅರ್ಧ ನಿಮಿಷವಷ್ಟೇ. ಅಷ್ಟು ಎತ್ತರದಿಂದ ತಲೆ ಕೆಳಗಾದಾಗ ರಕ್ತ ಮೆದುಳಿಗೆ ನುಗ್ಗದಂತೆ ಕುತ್ತಿಗೆಯ ಸಿರೆಗಳಲ್ಲಿ ಕವಾಟಗಳಿವೆ, ಮೆದುಳಿನ ಬುಡದಲ್ಲಿ ಸೂಕ್ಷ್ಮ ರಕ್ತನಾಳಗಳ ಬಲೆಯಿದೆ. ಆದರೂ ಆ ಕುತ್ತಿಗೆಯಲ್ಲಿರುವ ಮೂಳೆಗಳು ನಮ್ಮಂತೆಯೇ ಏಳು. ಈ ವಿವರವನ್ನು ಪುಸ್ತಕದಿಂದ ಓದಿ ಹೇಳಿದಾಗ ಮಕ್ಕಳು ತಮ್ಮ ತಮ್ಮ ಕತ್ತನ್ನು ಮುಟ್ಟಿ ಎಣಿಸತೊಡಗಿದರು. ಈ ಅವಧಿಯಲ್ಲಿ ನಮ್ಮ ಪಕ್ಕಕ್ಕೆ ಬಂದು, ಕಿಟಕಿ ಇಳಿಸಿ, ಸಿಂಹವೇನಾದರೂ ಇದೆಯೇ ಎಂದು ಕೇಳಿ, ಇಲ್ಲವೆಂದು ತಿಳಿದು ಹೊರಟುಹೋದ ಕಾರುಗಳು ಒಂದೆರಡಲ್ಲ.

ಕತ್ತಲೆಯ ನಂತರ ಸ್ವಂತ ವಾಹನಕ್ಕೆ ಅವಕಾಶವಿಲ್ಲ. ಉದ್ಯಾನದವರೇ ನಡೆಸುವ ಸಂಜೆಯ ಸವಾರಿಯಲ್ಲಿ ದೊಡ್ಡ ತೆರೆದ ವಾಹನದಲ್ಲಿ, ಹುಡುಕುದೀಪದ ಬೆಳಕಿನಲ್ಲಿ ಪುನುಗುಬೆಕ್ಕಿನ ಜಾತಿಯ ಪ್ರಾಣಿಗಳನ್ನು, ಗೂಬೆಗಳನ್ನು, ದೊಡ್ಡ ಕಣ್ಣಿನ ಬುಷ್‌ಬೇಬಿಗಳನ್ನು ನೋಡಬಹುದು. ಆರು ವರ್ಷದೊಳಗಿನ ಮಕ್ಕಳಿಗೆ ಅದರಲ್ಲಿ ಪ್ರವೇಶವಿಲ್ಲವೆಂಬುದನ್ನು ಅನೇಕರು ಅಲ್ಲಿಗೆ ಹೋದ ಮೇಲೆಯೇ ತಿಳಿಯುತ್ತಾರೆ. ಚಾರಣಕ್ಕೆ ವಯೋಮಿತಿ ಇನ್ನೂ ಹೆಚ್ಚು, ಹನ್ನೆರಡು. ಚಳಿಗಾಲದಲ್ಲಿ ತೆರೆದ ವಾಹನದ ಗಾಳಿ ಮೈ ಕೊರೆಯುತ್ತದೆ, ಹೊದಿಕೆಯಿಲ್ಲದೆ ಹತ್ತಬಾರದು. ದೊಡ್ಡ ಮಕ್ಕಳಿದ್ದರೆ ಒಮ್ಮೆ ಹೋಗಬೇಕಾದ ಸವಾರಿಯೇ. ಚಿಕ್ಕವರಿದ್ದರೆ ಶಿಬಿರದ ಬೇಲಿಯ ಗುಂಟ ಟಾರ್ಚ್ ಹಿಡಿದು ನಡೆದರೂ ಬೇಲಿಯಾಚೆ ಸುಳಿದಾಡುವ ಕತ್ತೆಕಿರುಬದ ಕಣ್ಣುಗಳು ಹೊಳೆಯುವುದು ಅಪರೂಪವಲ್ಲ.

ಋತುವಿನ ಬಗ್ಗೆ ಒಂದು ಮಾತು. ಮೇಯಿಂದ ಸೆಪ್ಟೆಂಬರ್‌ವರೆಗಿನ ಒಣ ತಿಂಗಳುಗಳಲ್ಲಿ ಹುಲ್ಲು ತಗ್ಗಿರುತ್ತದೆ, ಎಲೆಯುದುರಿರುತ್ತದೆ, ಪ್ರಾಣಿಗಳು ನೀರಿರುವಲ್ಲಿಗೆ ಬಂದೇ ಬರುತ್ತವೆ. ಮೊದಲ ಬಾರಿ ಹೋಗುವವರಿಗೆ ಇದೇ ಸೂಕ್ತ. ನವೆಂಬರ್ ಡಿಸೆಂಬರ್‌ನ ಮಳೆಗಾಲದಲ್ಲಿ ಬಿಸಿಲು ಕಠಿಣ, ಹಸಿರು ದಟ್ಟ, ಪ್ರಾಣಿಗಳು ಚದುರಿರುತ್ತವೆ. ಆದರೆ ಆಗಲೇ ಇಂಪಾಲದ ಮರಿಗಳು ಕೆಲವೇ ವಾರಗಳ ಅಂತರದಲ್ಲಿ ಒಟ್ಟೊಟ್ಟಿಗೆ ಹುಟ್ಟುತ್ತವೆ, ವಲಸೆ ಹಕ್ಕಿಗಳು ಬಂದಿರುತ್ತವೆ, ಆನೆಯ ಲದ್ದಿಯ ಮೇಲೆ ಸಗಣಿಹುಳುಗಳ ಕೆಲಸ ಭರದಿಂದ ಸಾಗಿರುತ್ತದೆ. ಎರಡನೆಯ ಸಲ ಹೋಗುವುದಾದರೆ ನನ್ನ ಆಯ್ಕೆ ಆ ಕಾಲವೇ. ಇದು ಮಲೇರಿಯಾ ಇರುವ ಪ್ರದೇಶ. ಅಪಾಯ ಹೆಚ್ಚಿರುವುದು ಮಳೆಯ ತಿಂಗಳುಗಳಲ್ಲಾದರೂ, ಮಕ್ಕಳಿಗೆ ಯಾವ ಮುಂಜಾಗ್ರತಾ ಔಷಧಿ ಸೂಕ್ತವೆಂಬುದನ್ನು ಯಾವ ಕಾಲದಲ್ಲೇ ಆಗಲಿ ಹೊರಡುವ ಮುನ್ನ ವೈದ್ಯರಲ್ಲಿ ಕೇಳಿಕೊಳ್ಳಬೇಕು.

ಖರ್ಚಿನ ಲೆಕ್ಕದಲ್ಲಿ, ವಸತಿ ಬಾಡಿಗೆಯ ಮೇಲೆ ಪ್ರತಿಯೊಬ್ಬರಿಗೂ ದಿನವೊಂದಕ್ಕೆ ಸಂರಕ್ಷಣಾ ಶುಲ್ಕವನ್ನು ರ‍್ಯಾಂಡ್‌ನಲ್ಲಿ ತೆರಬೇಕಾಗುತ್ತದೆ. ದಕ್ಷಿಣ ಆಫ್ರಿಕಾದವರಿಗಿಂತ ವಿದೇಶಿಯರಿಗೆ ಅದು ಬಹಳ ಹೆಚ್ಚು, ಮಕ್ಕಳಿಗೆ ದೊಡ್ಡವರ ಅರ್ಧದಷ್ಟು. ಇದನ್ನು ಅನ್ಯಾಯವೆಂದು ಗೊಣಗುವವರೊಂದಿಗೆ ನನಗೆ ಸಹಮತವಿಲ್ಲ. ಹೊರಗಿನ ಖಾಸಗಿ ಲಾಡ್ಜ್‌ಗಳ ಒಂದು ರಾತ್ರಿಯ ದರದಲ್ಲಿ ಇಲ್ಲಿ ಇಡೀ ಕುಟುಂಬ ಹಲವು ದಿನ ಇರಬಹುದು. ದಿನಗಳನ್ನು ಲೆಕ್ಕ ಹಾಕಿ, ದಿನದಿನದ ಶುಲ್ಕಕ್ಕಿಂತ ವಾರ್ಷಿಕ ಪ್ರವೇಶದ ಕಾರ್ಡ್ ಅಗ್ಗವಾಗುತ್ತದೆಯೇ ಎಂದು ಮೊದಲೇ ಹೋಲಿಸಿ ನೋಡಬೇಕು. ಲೋವರ್ ಸಾಬಿಯಲ್ಲಿ, ಅದರಲ್ಲೂ ನದಿಗೆ ಮುಖ ಮಾಡಿದ ವಸತಿ, ಅಲ್ಲಿನ ಶಾಲಾ ರಜೆಯ ಜೂನ್, ಜುಲೈ ಮತ್ತು ಡಿಸೆಂಬರ್‌ನಲ್ಲಿ ತಿಂಗಳುಗಳ ಮೊದಲೇ ಭರ್ತಿಯಾಗಿಬಿಡುತ್ತದೆ. ಅದು ಸಿಗದಿದ್ದರೆ ಸ್ಕುಕುಜಾದಲ್ಲಿ ಕಾಯ್ದಿರಿಸಿ, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಲೇಕ್ ಪ್ಯಾನಿಕ್ ಎಂಬ ಪಕ್ಷಿವೀಕ್ಷಣೆಯ ಗೂಡಿನಲ್ಲಿ ಸಂಜೆಯನ್ನು ಕಳೆಯಬಹುದು. ತಾವರೆ ಎಲೆಗಳ ಮೇಲೆ ನಡೆದಾಡುವ ದೇವನಕ್ಕಿಗಳಲ್ಲಿ ಮರಿಗಳನ್ನು ರೆಕ್ಕೆಯಡಿ ಸಿಕ್ಕಿಸಿಕೊಂಡು ಹೊತ್ತೊಯ್ಯುವವನು ತಂದೆ. ಮರಿಗಳ ಕಾಲುಗಳಷ್ಟೇ ಹೊರಗೆ ಜೋತಾಡುತ್ತಿರುತ್ತವೆ. ಅಲ್ಲಿ ಬೆಂಚುಗಳಿವೆ, ಕಾರಿನಿಂದ ಇಳಿದು ಕೂರಬಹುದು, ಆದರೆ ಪಿಸುಮಾತಿಗಿಂತ ದೊಡ್ಡ ದನಿ ಎತ್ತುವಂತಿಲ್ಲವಾದ್ದರಿಂದ ತೀರ ಚಿಕ್ಕ ಮಕ್ಕಳಿರುವವರಿಗೆ ನನ್ನ ಮತ ಸನ್‌ಸೆಟ್ ಡ್ಯಾಮ್‌ಗೇ.